ಬಯಲುಸೀಮೆಯವರು ಹೋಥಮ್ ಇಳಿದದ್ದು

ಸಿಡ್ನಿ ವಿಮಾನ ನಿಲ್ದಾಣ, ಭಾನುವಾರ

ಆಸ್ಟ್ರೇಲಿಯಾದವರು ನನ್ನನ್ನು ಒಳಗೆ ಬಿಡಲು ತಕರಾರು ಮಾಡಲಿಲ್ಲ. ತಕರಾರು ಇದ್ದದ್ದು ನನ್ನ ಬೂಟುಗಳ ಮೇಲೆ.

ಸೈಕಲ್ ತರುತ್ತಿದ್ದೇನೆ ಎಂದು ವಿಮಾನದಲ್ಲಿ ಕೊಟ್ಟ ಚೀಟಿಯಲ್ಲಿ ಬರೆದಿದ್ದರಿಂದ ನನ್ನನ್ನು ಪಕ್ಕದ ಸಾಲಿಗೆ ಕಳಿಸಿದರು. ಕೈಗವಸು ಹಾಕಿದ ಹುಡುಗನೊಬ್ಬ ಡಬ್ಬ ಬಿಚ್ಚಿಸಿ ಚಕ್ರಗಳನ್ನು ತಿರುಗಿಸಿ ತಿರುಗಿಸಿ ನೋಡಿದ. ಹೊರಗಿನ ಮಣ್ಣು, ಬೀಜ, ಹುಳ ಏನೂ ಈ ದೇಶದೊಳಗೆ ಬರಬಾರದಂತೆ. ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನ ಕಟ್ಟೆಯ ಮೇಲೆ ಕೂತು, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದು ಕಡ್ಡಿಯನ್ನೂ ತಿಕ್ಕಿದ್ದೆ. ಸೈಕಲ್ ಪಾಸಾಯಿತು. ಆಮೇಲೆ ಅವನು ನನ್ನ ಸೈಕ್ಲಿಂಗ್ ಬೂಟು ಎತ್ತಿ ಅಡಿಮೇಲು ಮಾಡಿದ. ಸಂದಿಯಲ್ಲಿ ಕಪ್ಪು ಮಣ್ಣು ಗಟ್ಟಿಯಾಗಿ ಕೂತಿತ್ತು.

ಹೊರಡುವ ಮೊದಲು ನಾನು ಓದಿದ, ಬೆಳೆದ ವಿಜಯಪುರದ ಸೈಕ್ಲಿಂಗ್ ಹಾಸ್ಟೆಲ್ಲಿಗೆ ಹೋಗಿ ಬಂದಿದ್ದೆ. ಅವತ್ತು ಅಡ್ಡಮಳೆ ಆಗಿತ್ತು. ಎರೆಮಣ್ಣು ಗೊತ್ತಲ್ಲ, ಒಮ್ಮೆ ಹಿಡಿದರೆ ಬಿಡುವ ಜಾತಿಯಲ್ಲ. ಹುಡುಗ ಬೂಟು ಎತ್ತಿಕೊಂಡು ಒಳಗೆ ಹೋದ. ವಾಪಸು ತಂದಾಗ ಇದ್ದಷ್ಟು ಬೆಳ್ಳಗೆ ಅವು ಅಂಗಡಿಯಲ್ಲಿ ಕೊಂಡಾಗಲೂ ಇರಲಿಲ್ಲ. ತಾನೇ ತೊಳೆದು, ಒಣಗಿಸಿ ತಂದಿದ್ದ. "ತುಂಬ ಅಂಟು ನಿಮ್ಮ ಮಣ್ಣು" ಎಂದು ನಕ್ಕ. ನಾನೂ ನಕ್ಕೆ. ಆದರೆ ತಿಕೋಟಾದ ಒಣದ್ರಾಕ್ಷಿ, ನಮ್ಮ ಮಣೂಕದ ಪೊಟ್ಟಣವನ್ನು ಅವನು ಎತ್ತಿ ಬುಟ್ಟಿಗೆ ಹಾಕಿದಾಗ ನಗು ಬರಲಿಲ್ಲ. ಅದು ಮಾದೇವಿಗೆ ತಂದದ್ದು.

ಹೊರಗೆ ಮಾದೇವಿ ನಿಂತಿದ್ದಳು. ಹಾಸ್ಟೆಲ್ಲಿನಲ್ಲಿ ಐದು ವರ್ಷ ನಮ್ಮಿಬ್ಬರ ಮಂಚ ಅಕ್ಕಪಕ್ಕ. ಈಗ ಅವಳು ಸಿಡ್ನಿಯಲ್ಲಿ ಹೆಂಡತಿ, ತಾಯಿ, ಕಾಯಂ ವಾಸಕ್ಕೆ ಪಿಆರ್ ಸಿಕ್ಕವಳು. ಅಪ್ಪಿಕೊಂಡು ಮೊದಲು ಕೇಳಿದ್ದು, "ಮಣೂಕ ಎಲ್ಲಿ?"

"ಸರ್ಕಾರ ತಿಂತು."

"ಹುಚ್ಚಿ, ಅದನ್ನ ಡಬ್ಬಿ ಹಾಕಿಸಿ ತರಬೇಕಿತ್ತು" ಎಂದು ಬೆನ್ನಿಗೊಂದು ಗುದ್ದಿದಳು. ಏಳು ವರ್ಷಗಳ ನಂತರ ಬಿದ್ದ ಗುದ್ದು ಅದು. ದಿನಚರಿಯಲ್ಲಿ ಬರೆದಿಟ್ಟಿದ್ದೇನೆ.

ಸ್ಕೋಫೀಲ್ಡ್ಸ್, ಮಂಗಳವಾರ

ದಿನಚರಿ ಹಾಸ್ಟೆಲ್ಲು ಹಚ್ಚಿದ ಚಟ. ಎಷ್ಟು ಕಿಲೋಮೀಟರ್, ಎಷ್ಟು ಪಂಕ್ಚರ್, ಎಷ್ಟು ರೊಟ್ಟಿ ಎಂದು ನಮ್ಮ ಕೋಚ್ ಸರ್ ದಿನಾ ಬರೆಸುತ್ತಿದ್ದರು. ಸಿಡ್ನಿಯ ಅಂಚಿನ ಮಾದೇವಿಯ ಬಡಾವಣೆ ಸ್ಕೋಫೀಲ್ಡ್ಸ್‌ನಲ್ಲಿ ಎಣಿಸಲು ಸಿಕ್ಕಿದ್ದು ಮನೆಗಳು. ಒಂದೇ ಬಣ್ಣದ ಹೆಂಚು, ಒಂದೇ ಅಳತೆಯ ಹುಲ್ಲು. ಬೆಳಿಗ್ಗೆ ಒಬ್ಬಳೇ ಸೈಕಲ್ ತುಳಿದುಬಂದು ಮಾದೇವಿಯ ಮನೆಯೆಂದು ಬೇರೆಯವರ ಗ್ಯಾರೇಜಿನ ಮುಂದೆ ನಿಂತಿದ್ದೆ. ಒಳಗಿಂದ ಬಂದ ಪಂಜಾಬಿ ಅಜ್ಜ ಹಿಂದಿಯಲ್ಲಿ ಚಹಾಕ್ಕೆ ಕರೆದರು. ತಮಗೂ ಮೊದಲ ತಿಂಗಳು ಹೀಗೇ ಆಗಿತ್ತಂತೆ.

ಮಾದೇವಿಯ ಗ್ಯಾರೇಜಿನಲ್ಲಿ ಅವಳ ಸೈಕಲ್ ಒಂದು ಕಬ್ಬಿಣದ ಸ್ಟ್ಯಾಂಡಿಗೆ ಸಿಕ್ಕಿಸಿ ನಿಂತಿತ್ತು. ಹಿಂದಿನ ಚಕ್ರ ನಿಂತಲ್ಲೇ ತಿರುಗುತ್ತದೆ. ಎದುರಿಗೆ ಗೋಡೆ. ಗೋಡೆಯ ಮೇಲೆ ಮಗಳು ಇಂಚರಾ ಬಿಡಿಸಿದ ಸೂರ್ಯ. ಪಕ್ಕದಲ್ಲಿ ಹೆಲ್ಮೆಟ್. ಅದರ ಮೇಲೆಲ್ಲ ಪ್ಲಾಸ್ಟಿಕ್ ಪಟ್ಟಿಗಳು ಮುಳ್ಳುಹಂದಿಯ ಹಾಗೆ ನಿಮಿರಿದ್ದವು.

"ಇದೇನ ಅವತಾರ?"

"ಇಲ್ಲಿ ಮ್ಯಾಗ್‌ಪೈ ಅಂತ ಹಕ್ಕಿ ಅದಾವ. ಮರಿ ಹಾಕೋ ಕಾಲದಾಗ ಸೈಕಲ್ ಕಂಡ್ರ ಹಾರಿಬಂದು ತಲಿ ಕುಕ್ಕತಾವ. ಅದಕ್ಕ ಎಲ್ಲಾರೂ ಹಿಂಗ ಮುಳ್ಳು ಕಟ್ಕೋತಾರ."

"ನೀ ಹೊರಗ ಹೊಂಟ್ರ ತಾನ ಕುಕ್ಕೂದು?"

ಅವಳು ಮೊಣಕೈ ತೋರಿಸಿದಳು. ಉದ್ದನೆಯ ಬಿಳೀ ಗುರುತು. ಬಂದ ಹೊಸದರಲ್ಲಿ ಇಲ್ಲಿಯ ಹೆಂಗಸರ ಸೈಕಲ್ ಕ್ಲಬ್ಬಿನ ಜೊತೆ ಕಣಿವೆಯೊಂದಕ್ಕೆ ಹೋಗಿದ್ದಳಂತೆ. ಇಳಿಜಾರಿನ ತಿರುವಿನಲ್ಲಿ ಹೆದರಿ ಬ್ರೇಕನ್ನು ಪೂರಾ ಒತ್ತಿಬಿಟ್ಟಳು. ಸೈಕಲ್ ಒಂದು ಕಡೆ, ಅವಳು ಒಂದು ಕಡೆ. ಆಮೇಲೆ ರಸ್ತೆಗೆ ಇಳಿದಿಲ್ಲ. ಕ್ಲಬ್ಬಿನವರು ಈಗಲೂ ಕರೆಯುತ್ತಾರೆ, ಭಾನುವಾರದ ರೇಸಿಗೆ ಬಾ ಎನ್ನುತ್ತಾರೆ. ಮುಂದಿನ ತಿಂಗಳು ಎನ್ನುತ್ತಾ ಬಂದಿದ್ದಾಳೆ.

ವಿಜಯಪುರದವರಿಗೆ ಇದು ಅರ್ಥವಾಗುತ್ತದೆ, ಉಳಿದವರಿಗೆ ಹೇಳಬೇಕು. ನಮ್ಮಲ್ಲಿ ಇಳಿಜಾರೇ ಇಲ್ಲ. ತಿಕೋಟಾ ರಸ್ತೆ ರೊಟ್ಟಿಯ ಹಂಚಿನ ಹಾಗೆ ಚಪ್ಪಟೆ. ಜೂನಿನಲ್ಲಿ ಪಶ್ಚಿಮದ ಗಾಳಿ ಎದೆಗೆ ಬಡಿಯುತ್ತದೆ, ಅದೇ ನಮ್ಮ ಗುಡ್ಡ. ಒಬ್ಬಳು ಮುಂದೆ ಹೋಗಿ ಗಾಳಿ ಒಡೆಯಬೇಕು. ಉಳಿದವರು ಅವಳ ಹಿಂದಿನ ಚಕ್ರಕ್ಕೆ ಗೇಣಿನಷ್ಟು ಅಂತರದಲ್ಲಿ ಅಂಟಿಕೊಳ್ಳಬೇಕು. ಮುಂದಿನವಳು ದಣಿದಾಗ ಮೊಣಕೈ ಝಾಡಿಸಿ ಪಕ್ಕಕ್ಕೆ ಸರಿದರೆ ಎರಡನೆಯವಳು ಮುಂದೆ. "ಚಕ್ರ ಬಿಡಬ್ಯಾಡ್ರಿ!" ಎಂದು ಜೀಪಿನಿಂದ ಸರ್ ಕೂಗುತ್ತಿದ್ದದ್ದು ಈಗಲೂ ಕಿವಿಯಲ್ಲಿದೆ. ಅಂಥ ಗಾಳಿ ಒಡೆಯುವುದರಲ್ಲಿ ಮಾದೇವಿಯನ್ನು ಮೀರಿಸಿದವರು ಜಿಲ್ಲೆಯಲ್ಲಿ ಇರಲಿಲ್ಲ. ಅವಳು ಗೋಡೆಗೆ ಮುಖ ಮಾಡಿ ತುಳಿಯುವುದನ್ನು ನೋಡಿ ನನಗೆ ಕೂತಲ್ಲಿ ಕೂರಲಾಗಲಿಲ್ಲ.

"ಹೋಥಮ್ ಅಂತ ಒಂದು ಗುಡ್ಡ ಐತಿ" ಎಂದಳು, ಬೆವರು ಒರೆಸಿಕೊಳ್ಳುತ್ತಾ. "ಮೆಲ್ಬರ್ನ್ ಕಡೆ. ಅದರ ಮ್ಯಾಲೆ ಚಳಿಗಾಲದಾಗ ಬರ್ಫ ಬೀಳ್ತದ. ನಿನ್ನ ವಿಮಾನ ಹೆಂಗಿದ್ರೂ ಮೆಲ್ಬರ್ನ್‌ದಿಂದ ಅಲ್ಲ? ಹೋಗೂಣು. ಸೈಕಲ್ ಮ್ಯಾಲೆ ಹತ್ತಿ, ಸೈಕಲ್ ಮ್ಯಾಲೇ ಇಳದ್ರ ಕ್ಲಬ್ ಸೇರತೀನಿ. ಕಾರಿನ್ಯಾಗ ಇಳದ್ರ ಈ ಸೈಕಲ್ ನಿನ್ನ ಡಬ್ಬಿಯೊಳಗ ಹಾಕ್ತೀನಿ. ಹಾಸ್ಟೆಲ್ ಹುಡುಗ್ಯಾರಿಗೆ ಕೊಡು."

"ನಿನ್ನ ಸೈಕಲ್ ನಾ ಒಯ್ಯಂಗಿಲ್ಲ."

"ಹಂಗಾರ ಇಳಿಸು ನನ್ನ."

ಬ್ರೈಟ್, ಗುರುವಾರ ಮತ್ತು ಶುಕ್ರವಾರ

ನಾರ್ತ್ ಸಿಡ್ನಿಯ ಆಫೀಸಿಗೆ ರಜೆ ಹಾಕಿ ಮಾದೇವಿಯ ಗಂಡ ರಘು ಕಾರು ಓಡಿಸಿದರು. ಮೈಸೂರಿನವರು, ಮೆಲುಮಾತು. ಹ್ಯೂಮ್ ಹೆದ್ದಾರಿ ದಿನವಿಡೀ ಮುಗಿಯಲೇ ಇಲ್ಲ. ಎರಡೂ ಕಡೆ ಒಣಹುಲ್ಲು, ಬೇಲಿ, ಕುರಿ. ಸೊಲ್ಲಾಪುರ ರಸ್ತೆಯೇ ಎನ್ನಬೇಕು, ಕುರಿ ಕಾಯುವವರು ಮಾತ್ರ ಯಾರೂ ಇಲ್ಲ. ಐದು ವರ್ಷದ ಇಂಚರಾ ಹಿಂದಿನ ಸೀಟಿನಲ್ಲಿ ನನ್ನ ಕನ್ನಡವನ್ನು ಪರೀಕ್ಷೆ ಮಾಡುತ್ತಾ ಬಂದಳು. ನಾನು ಕೇಳುವುದು ಕನ್ನಡ, ಅವಳು ಉತ್ತರ ಕೊಡುವುದು ಇಂಗ್ಲಿಷ್.

"ನಿನಗ ರೊಟ್ಟಿ ಸೇರ್ತದೇನ?"

"ಓನ್ಲಿ ವಿತ್ ಬೆಣ್ಣೆ, ರೇಣು ಆಂಟಿ."

ಬ್ರೈಟ್ ಎಂಬುದು ಗುಡ್ಡಗಳ ನಡುವಿನ ಪುಟ್ಟ ಊರು. ನಮ್ಮೂರಲ್ಲಿ ಏಪ್ರಿಲ್ಲಿನ ಬಿಸಿಲಿಗೆ ಡಾಂಬರು ಕರಗುವಾಗ ಇಲ್ಲಿ ಎಲೆಗಳು ಹಳದಿ ಕೆಂಪಾಗಿ ಉದುರುತ್ತಿದ್ದವು. ಕಾಫಿ ಅಂಗಡಿಯ ಮುಂದೆ ಕುದುರೆ ಕಟ್ಟಿದ ಹಾಗೆ ಸೈಕಲ್ಲುಗಳು. ಬೀಗ ಒಂದಕ್ಕೂ ಇಲ್ಲ. ಬೆಳ್ಳಿಕೂದಲಿನ ಅಜ್ಜ ಅಜ್ಜಿಯರು ಬಿಗಿ ಚಡ್ಡಿಯಲ್ಲಿ ಕೂತು ಕೇಕು ತಿನ್ನುತ್ತಾ ನಾಳೆ ಯಾವ ಗುಡ್ಡ ಹತ್ತುವುದೆಂದು ಮಾತಾಡುತ್ತಾರೆ. ನಮ್ಮಲ್ಲಿ ಆ ವಯಸ್ಸಿನವರು ಮೊಣಕಾಲಿನ ಎಣ್ಣೆಯ ಬಗ್ಗೆ ಮಾತಾಡುತ್ತಾರೆ.

ಶುಕ್ರವಾರ ಪಕ್ಕದ ಗುಡ್ಡವೊಂದಕ್ಕೆ ಕಾರಿನಲ್ಲಿ ಹೋದೆವು. ತಿರುವುಗಳಲ್ಲಿ ಇಂಚರಾ ಮೂರು ಸಲ ವಾಂತಿ ಮಾಡಿಕೊಂಡಳು. ಅಲ್ಲಿಗೆ ರಘು ತೀರ್ಮಾನ ಹೇಳಿದರು. "ನಾಳೆ ನಾನು, ಮಗು ಹೋಥಮ್ ಬುಡದಲ್ಲಿರೋ ಹ್ಯಾರಿಯೆಟ್‌ವಿಲ್‌ನಲ್ಲೇ ಇರ್ತೀವಿ. ಬೇಕೇ ಬೇಕು ಅಂದ್ರೆ ಫೋನ್ ಮಾಡಿ, ಬಕೆಟ್ ಹಿಡ್ಕೊಂಡು ಹತ್ತಿ ಬರ್ತೀನಿ."

ರಾತ್ರಿ ಊಟಕ್ಕೆ ಮೊದಲು ನಾನು ಪುಸ್ತಕ ತೆಗೆದು ಯೋಜನೆ ಹಾಕಿದೆ. ಹ್ಯಾರಿಯೆಟ್‌ವಿಲ್‌ನಿಂದ ಮೇಲಕ್ಕೆ ಮೂವತ್ತು ಕಿಲೋಮೀಟರ್. ಎಲ್ಲಿ ಕಡಿದು, ಎಲ್ಲಿ ನೀರು, ಎಲ್ಲಿ ಬಾಳೆಹಣ್ಣು, ಎಲ್ಲ ಎರಡು ಪುಟ ತುಂಬ ಬರೆದೆ. ಕೊನೆಗೆ ಒಂದೇ ಸಾಲು: "ನಂತರ ಇಳಿಯುವುದು." ಮಾದೇವಿ ಇಣುಕಿ ನೋಡಿ, ಸರಿ ಐತಿ ಎಂದಳು. ಇಳಿಯಲು ಹೆದರುವವಳಿಗೂ, ಇಳಿಸುತ್ತೇನೆ ಎಂದವಳಿಗೂ ಅದಕ್ಕೆ ಏನು ಬೇಕೆಂದು ಹೊಳೆಯಲಿಲ್ಲ. ಜಾಕೆಟ್ ಭಾರವೆಂದು ಬಿಟ್ಟೆವು. ಬೆರಳು ಮುಚ್ಚುವ ಕೈಗವಸು ನಮ್ಮ ಹತ್ತಿರ ಇರಲೇ ಇಲ್ಲ. ಹತ್ತಿದರೆ ಮೈ ಬಿಸಿಯಾಗುತ್ತದೆ, ಅಷ್ಟು ಸಾಕು ಎಂದುಕೊಂಡೆವು. ನಲವತ್ತೆರಡು ಡಿಗ್ರಿಯಲ್ಲಿ ಬೆಳೆದವರ ಲೆಕ್ಕ ಅದು.

ಹೋಥಮ್, ಏರು

ಹ್ಯಾರಿಯೆಟ್‌ವಿಲ್ ದಾಟಿದ ಕೂಡಲೇ ರಸ್ತೆ ಕಾಡಿನೊಳಗೆ ನುಗ್ಗಿ ಏರತೊಡಗುತ್ತದೆ. ಬೂದುಬಣ್ಣದ ನೀಲಗಿರಿ ಮರಗಳು ನೆಟ್ಟಗೆ ಆಕಾಶಕ್ಕೆ ಹೋಗಿವೆ. ಒದ್ದೆ ತೊಗಟೆಯ ವಾಸನೆ. ಗಾಳಿ ಇಷ್ಟೂ ಇಲ್ಲ. ಆದರೂ ನಾವಿಬ್ಬರೂ ಒಬ್ಬರ ಚಕ್ರಕ್ಕೆ ಒಬ್ಬರು ಅಂಟಿಕೊಂಡು, ಮೊಣಕೈ ಝಾಡಿಸಿ ಸರದಿ ಬದಲಿಸುತ್ತಾ ಹೊರಟೆವು. ಬೇರೆ ರೀತಿ ತುಳಿಯಲು ನಮಗೆ ಬರುವುದಿಲ್ಲ.

ಹಿಂದಿನಿಂದ ಒಬ್ಬ ಹೆಂಗಸು ಬಂದು ನಮ್ಮ ಪಕ್ಕಕ್ಕೆ ನಿಧಾನವಾದಳು. ಅರವತ್ತರ ಮೇಲಿನ ವಯಸ್ಸು, ಸುಕ್ಕುಗಟ್ಟಿದ ಕಾಲುಗಳಲ್ಲಿ ಹಗ್ಗದಂಥ ನರಗಳು. ಹೆಸರು ಹೆಲೆನ್, ಬ್ರೈಟ್‌ನವಳು.

"ಹುಡುಗಿಯರೇ, ಈ ವೇಗದಲ್ಲಿ ಯಾವ ಗಾಳಿಯಿಂದ ಬಚ್ಚಿಟ್ಟುಕೊಳ್ಳುತ್ತಿದ್ದೀರಿ?" ಎಂದಳು ಇಂಗ್ಲಿಷಿನಲ್ಲಿ. ಅಷ್ಟಕ್ಕೇ ಬಿಡಲಿಲ್ಲ. ಗುಡ್ಡದ ಮೇಲೆ ಯಾರೂ ಯಾರಿಗೂ ಕಾಯಬಾರದು, ಅವರವರ ಉಸಿರಿಗೆ ಅವರವರು ಹತ್ತಬೇಕು, ಮೇಲೆ ಸಿಗಬೇಕು, ಇಲ್ಲಿಯ ಪದ್ಧತಿ ಅದು ಎಂದು ಹೇಳಿ ಹೊರಟುಹೋದಳು.

"ಕೇಳಿದ್ಯಾ? ನೀ ಹೋಗು ಮುಂದ" ಎಂದಳು ಮಾದೇವಿ.

"ನೀ ಹೋಗು."

ಇಬ್ಬರೂ ಹೋಗಲಿಲ್ಲ. ಸರ್ ಅಷ್ಟು ವರ್ಷ ಕೂಗಿದ್ದು ಹೆಲೆನ್‌ಳ ಒಂದು ಮಾತಿಗೆ ಅಳಿಸುವಂಥದ್ದಾಗಿರಲಿಲ್ಲ.

ನಿಜ ಹೇಳಬೇಕೆಂದರೆ ಏದುಸಿರು ಬಿಟ್ಟವಳು ನಾನು. ಗ್ಯಾರೇಜಿನ ಗೋಡೆ ಅವಳ ಕಾಲನ್ನು ಗಟ್ಟಿ ಮಾಡಿತ್ತು. ಇಳಿದು ಬರುವ ಸೈಕಲ್ಲಿನವರು "ಇನ್ನೇನು ಬಂತು" ಎನ್ನುತ್ತಿದ್ದರು. ನಮ್ಮ ಹಳ್ಳಿಗಳಲ್ಲೂ ದಾರಿ ಕೇಳಿದರೆ ಇಲ್ಲೇ ಐತಿ ಎನ್ನುತ್ತಾರೆ, ಆಮೇಲೆ ಎರಡು ಹರದಾರಿ ನಡೆಯಬೇಕು. ಅದೇ ದಯೆ, ಅದೇ ಸುಳ್ಳು.

ಕಾಡು ಮುಗಿದ ಮೇಲೆ ಗುಡ್ಡದ ನೆತ್ತಿ. ಎಂದೋ ಬಿದ್ದ ಬೆಂಕಿಯಲ್ಲಿ ಸುಟ್ಟ ಮರಗಳು ಎಲುಬಿನ ಹಾಗೆ ಬೆಳ್ಳಗೆ ನಿಂತಿದ್ದವು. ಬರ್ಫ ಬಿದ್ದಾಗ ದಾರಿ ತಿಳಿಯಲೆಂದು ರಸ್ತೆಯ ಅಂಚಿನುದ್ದಕ್ಕೂ ಕಿತ್ತಳೆ ಬಣ್ಣದ ಕಂಬಗಳು. ಎರಡೂ ಬದಿ ಕಣಿವೆ. ಅಲ್ಲಿ ಗಾಳಿ ಸಿಕ್ಕಿತು. ಎಡದಿಂದ ಬಂದು ಸೈಕಲ್ಲನ್ನೇ ಎತ್ತಿ ಇಡುವ ಗಾಳಿ.

"ರೇಣೀ!" ಮಾದೇವಿ ಕೂಗಿದಳು. "ಜೂನ್ ಬಂತು!"

ನಾನು ಅವಳ ಬಲಕ್ಕೆ ಓರೆಯಾಗಿ ಸರಿದೆ. ಅಡ್ಡಗಾಳಿಗೆ ಹಾಗೆಯೇ ನಿಲ್ಲಬೇಕು. ತುಸು ದೂರದಲ್ಲಿ ಹೆಲೆನ್ ಒಬ್ಬಳೇ ಗಾಳಿಯೊಂದಿಗೆ ಗುದ್ದಾಡುತ್ತಿದ್ದಳು. ನಾವು ಅವಳನ್ನು ಹಿಂದೆ ಹಾಕುವಾಗ ಮಾದೇವಿ ತಲೆ ಅಲ್ಲಾಡಿಸಿ ಕರೆದಳು. ಒಂದು ಕ್ಷಣ ಯೋಚಿಸಿ ಆಕೆ ನನ್ನ ಬಲಕ್ಕೆ ಬಂದು ಸೇರಿಕೊಂಡಳು. ಅಲ್ಲಿಂದ ಮೇಲಿನ ತನಕ ಮಾದೇವಿಯೇ ಗಾಳಿ ಒಡೆದಳು. ಮೊಣಕೈ ಝಾಡಿಸಲೇ ಇಲ್ಲ. ತಿಕೋಟಾ ರಸ್ತೆ, ದ್ರಾಕ್ಷಿ ಒಣಗಿಸುವ ಶೆಡ್ಡುಗಳು, ಅಲ್ಲಿಯ ಹೆಂಗಸರು ಓಡಿಬಂದು ಜೇಬಿಗೆ ತುಂಬುತ್ತಿದ್ದ ಬೆಚ್ಚನೆಯ ಮಣೂಕ, ಎಲ್ಲ ನನ್ನ ಕಣ್ಣಮುಂದೆ ಬಂತು. ಕಣ್ಣಲ್ಲಿ ನೀರು ಬಂದದ್ದು ಗಾಳಿಗೆ ಎಂದು ಬರೆದುಕೊಂಡಿದ್ದೇನೆ.

ಹೋಥಮ್, ಇಳಿಜಾರು

ಮೇಲೆ ಒಂದೇ ಅಂಗಡಿ ತೆರೆದಿತ್ತು. ಬರ್ಫದ ಕಾಲ ಇನ್ನೂ ಬಂದಿರಲಿಲ್ಲ. ಬಿಸಿ ಚಾಕಲೇಟ್ ಕುಡಿದು ಮುಗಿಸುವಷ್ಟರಲ್ಲಿ ಬೆವರು ತಣ್ಣಗಾಗಿ ಮೈ ನಡುಗತೊಡಗಿತು. ನನ್ನ ಬೆರಳುಗಳಿಗೆ ಹೆಲ್ಮೆಟ್ಟಿನ ಗುಂಡಿ ಹಾಕಲೂ ಆಗಲಿಲ್ಲ. ಬ್ರೇಕು ಒತ್ತುವುದು ಹೇಗೆ?

ಮಾದೇವಿ ಹೊರಗೆ ಹೋಗಿ ಕಣಿವೆಯನ್ನು ನೋಡಿ ಬಂದಳು. ಬಂದವಳು ಕೂತು ಫೋನ್ ತೆಗೆದಳು.

"ಯಾರಿಗೆ?" ಎಂದೆ.

"ರಘುಗೆ."

"ಅರ್ಧಾ ಆಗೇತಿ ಕೆಲಸ."

"ನನ್ನ ಕೈ ನೋಡು." ಮೊಣಕೈಯ ಬಿಳೀ ಗುರುತನ್ನು ತಿಕ್ಕಿಕೊಂಡಳು. ಅದು ಚಳಿಗೆ ಮಾತ್ರ ಅಲ್ಲವೆಂದು ನನಗೂ ಗೊತ್ತಿತ್ತು. "ಇಂಚರಾ ಕೆಳಗ ಕುಂತಾಳ. ನಾ ಬಿದ್ರ?"

ಇಳಿಸುತ್ತೇನೆಂದು ಬಂದವಳಿಗೆ ಇಳಿಯುವುದೇ ಗೊತ್ತಿಲ್ಲ. ಅವಳ ಸೈಕಲ್ಲನ್ನು ಡಬ್ಬಕ್ಕೆ ಹಾಕಿ ಹುಬ್ಬಳ್ಳಿಯ ಮೆಟ್ಟಿಲು ಹತ್ತಿಸುವುದು ಕಣ್ಣಿಗೆ ಕಟ್ಟಿತು.

ಪಕ್ಕದ ಮೇಜಿನಿಂದ ಹೆಲೆನ್ ಎದ್ದು ಬಂದು ಏನಾಯಿತೆಂದು ಕೇಳಿದಳು. ನಮ್ಮ ಊರಲ್ಲಿ ಇಳಿಜಾರಿಲ್ಲ ಎಂದೆ.

"ಇಲ್ಲ ಅಂದರೆ?"

"ಒಂದಿದೆ. ರೈಲ್ವೆ ಮೇಲ್ಸೇತುವೆ."

ಅವಳು ಜೋರಾಗಿ ನಕ್ಕಳು. ಆಮೇಲೆ ಮಾದೇವಿಯ ಮುಖ ನೋಡಿ ನಗು ನಿಲ್ಲಿಸಿದಳು. ಅಂಗಡಿಯ ಅಡುಗೆಮನೆಗೆ ಹೋಗಿ ಎರಡು ಜೊತೆ ಹಳದಿ ರಬ್ಬರ್ ಕೈಗವಸು ತಂದಳು. ಪಾತ್ರೆ ತೊಳೆಯುವಾಗ ಹಾಕುವಂಥವು. ಹಳೇ ಪತ್ರಿಕೆಯ ಹಾಳೆಗಳನ್ನು ಮಡಿಸಿ ನಮ್ಮ ಅಂಗಿಯೊಳಗೆ ಎದೆಗೆ ತುರುಕಲು ಹೇಳಿದಳು. ಇಲ್ಲಿಯವರು ಜಾಕೆಟ್ ಮರೆತರೆ ಇದೇ ಮಾಡುತ್ತಾರಂತೆ.

"ಈಗ ನನ್ನ ಚಕ್ರ ಹಿಡಿ" ಎಂದಳು ಮಾದೇವಿಗೆ. "ಕಣಿವೆ ನೋಡಬೇಡ, ರಸ್ತೆ ನೋಡಬೇಡ. ನನ್ನ ಹಿಂದಿನ ಚಕ್ರ ಮಾತ್ರ ನೋಡು. ತಿರುವು ಬಂದಾಗ ಏನು ಮಾಡಬೇಕೆಂದು ನಾನು ಕೂಗಿ ಹೇಳುತ್ತೇನೆ. ಅದು ನಿನಗೆ ಬರುತ್ತದೆ, ನಾನೇ ಕಂಡಿದ್ದೇನೆ."

ಮಾದೇವಿ ಫೋನನ್ನು ಜೇಬಿಗೆ ಹಾಕಿದಳು. "ಚಕ್ರ ಹಿಡಿಯೂದ ಆದ್ರ..." ಎಂದು ನನ್ನ ಕಡೆ ನೋಡಿ, ಎದ್ದಳು.

ಹೆಲೆನ್ ಮುಂದೆ, ಮಾದೇವಿ ನಡುವೆ, ನಾನು ಕೊನೆಗೆ. ಪ್ರತಿ ತಿರುವಿಗೆ ಮೊದಲು ಹೆಲೆನ್ ಕೂಗುತ್ತಿದ್ದಳು. ಮೊದಲು ಬ್ರೇಕ್. ಆಮೇಲೆ ತಿರುವಿನ ಆಚೆ ತುದಿ ನೋಡು. ಆಮೇಲೆ ಬಿಡು. ಮೊದಲ ತಿರುವುಗಳಲ್ಲಿ ಮಾದೇವಿಯ ಭುಜಗಳು ಕಿವಿಗೆ ತಾಗಿದ್ದವು. ಒಂದು ಕಡೆ ಅಂತರ ಜಾಸ್ತಿಯಾಗಿ ಹೆಲೆನ್ ತುಂಬ ಮುಂದೆ ಹೋದಳು. ಮಾದೇವಿ ಬ್ರೇಕನ್ನು ಹಿಸುಕುತ್ತಿರುವುದು ಕಾಣುತ್ತಿತ್ತು, ಹಿಂದಿನ ಚಕ್ರ ಅಡ್ಡಡ್ಡ ಜಾರತೊಡಗಿತ್ತು.

"ಚಕ್ರ ಬಿಡಬ್ಯಾಡ!" ನನ್ನ ಬಾಯಿಂದ ಬಂತು.

ಅವಳು ಬ್ರೇಕು ಸಡಿಲ ಬಿಟ್ಟಳು. ಚಕ್ರ ನೆಟ್ಟಗಾಯಿತು.

ನಡುವೆ ರಸ್ತೆ ಸ್ವಲ್ಪ ಸಮತಟ್ಟಾಗುತ್ತದೆ. ಅಲ್ಲಿ ಹೆಲೆನ್ ಮೊಣಕೈ ಝಾಡಿಸಿ ಪಕ್ಕಕ್ಕೆ ಸರಿದಳು. ಮಾದೇವಿ ಯೋಚಿಸಲಿಲ್ಲ. ಅದು ಯೋಚಿಸುವ ವಿಷಯವೇ ಅಲ್ಲ. ಮುಂದಿನವಳು ಸರಿದರೆ ಎರಡನೆಯವಳು ಹೋಗಬೇಕು, ಹೋದಳು. ಸಮತಟ್ಟು ಮುಗಿದು ರಸ್ತೆ ಮತ್ತೆ ಕಾಡಿನೊಳಗೆ ಕಡಿದಾಗಿ ಬಿದ್ದಾಗ ನಾನು ಹಿಂದೆ ತಿರುಗಿದೆ. ಹೆಲೆನ್ ಆರಾಮವಾಗಿ ನನ್ನ ಹಿಂದೆ ಬರುತ್ತಿದ್ದಳು. ಮುಂದೆ ಬರುವ ಲಕ್ಷಣವೇ ಇರಲಿಲ್ಲ.

ಮಾದೇವಿಯ ಎದುರು ಈಗ ಯಾರ ಚಕ್ರವೂ ಇಲ್ಲ, ಬರೀ ರಸ್ತೆ. ತಿರುವು ಬಂತು. ನಾನು ಉಸಿರು ಹಿಡಿದೆ.

"ಬ್ರೇಕ್!" ಅವಳ ದನಿ ಕಾಡಿನೊಳಗೆ ಮೊಳಗಿತು. "ನೋಡು! ಬಿಡು!"

ಯಾರಿಗೆ ಕೂಗುತ್ತಿದ್ದಳೋ, ತನಗೋ ನನಗೋ. ನಾನಂತೂ ಹಾಗೇ ಮಾಡಿದೆ. ಮುಂದಿನ ತಿರುವಿಗೂ ಕೂಗಿದಳು, ಅದರ ಮುಂದಿನದಕ್ಕೂ. ಹ್ಯಾರಿಯೆಟ್‌ವಿಲ್‌ನ ಮೊದಲ ಮನೆಗಳು ಕಾಣುವ ತನಕ ಹಳದಿ ಕೈಗವಸಿನ ಆ ಹೆಂಗಸಿನ ಹಿಂದೆ ಇಳಿದೆ. ತಿರುವುಗಳನ್ನು ಎಣಿಸಬೇಕೆಂದಿದ್ದೆ, ಮರೆತೆ.

ಇಂಚರಾ ಹುಲ್ಲಿನ ಮೇಲಿಂದ ಓಡಿಬಂದಳು. "ಅಮ್ಮಾ, ವೈ ಆರ್ ಯೂ ವೇರಿಂಗ್ ಕಿಚನ್ ಗ್ಲವ್ಸ್?"

ಮಾದೇವಿ ಮಗಳನ್ನು ಎತ್ತಿಕೊಂಡಳು. ರಘು ಅವಳ ಸೈಕಲ್ ಹಿಡಿದುಕೊಂಡರು. ನಾನು ಹೆಲೆನ್‌ಳನ್ನು ಕೇಳಿದೆ, ಬೇಕೆಂದೇ ಹಿಂದೆ ಉಳಿದಿರಾ ಎಂದು. "ನನಗೆ ವಯಸ್ಸಾಯಿತು, ದಣಿದಿದ್ದೆ" ಎಂದಳು. ಆಮೇಲೆ ಇನ್ನೊಮ್ಮೆ ಹೋಥಮ್ ಹತ್ತಲು ಹೊರಟಳು.

ಟಾರ್ನೀಟ್, ಭಾನುವಾರ

ಮೆಲ್ಬರ್ನ್‌ನಲ್ಲಿ ನಾನು ಕಂಡದ್ದು ಟಾರ್ನೀಟ್ ಒಂದೇ. ರಘು ಅವರ ಅಕ್ಕ ವೀಣಕ್ಕನ ಮನೆ ಅಲ್ಲಿ. ರೈಲು ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಸಿಗುತ್ತದೆ. ಚಪ್ಪಟೆ ಊರು, ಅದರ ಮೇಲೆ ಗಾಳಿ ಬೇರೆ. ನನಗಂತೂ ತವರಿಗೆ ಬಂದ ಹಾಗಾಯಿತು.

ಮಾದೇವಿ ಮಾತ್ರ ದಾರಿಯುದ್ದಕ್ಕೂ ಕ್ಲಬ್ಬಿನ ಸುದ್ದಿ ಎತ್ತಿರಲಿಲ್ಲ. ನಾನು ಸೈಕಲ್ ಬಿಚ್ಚಿ ಡಬ್ಬಕ್ಕೆ ತುಂಬುವಾಗ ಪಕ್ಕ ಬಂದು ಕೂತಳು.

"ಅರ್ಧಾ ದಾರಿ ಆಕೀ ಚಕ್ರ ಹಿಡದು ಬಂದೆ. ಅದು ಲೆಕ್ಕಕ್ಕ ಬರ್ತದೇನ?"

"ಉಳದರ್ಧಾ ನಾ ನಿನ್ನ ಚಕ್ರ ಹಿಡದು ಬಂದೆ. ಅದು ಬರ್ತದ."

ಅವಳು ಡಬ್ಬದೊಳಗೆ ನೋಡಿದಳು. "ಇನ್ನೊಂದು ಸೈಕಲ್ ಹಿಡಿಸ್ತದೇನ ಇದರಾಗ?"

"ಇಲ್ಲ" ಎಂದೆ. ಹಿಡಿಸುತ್ತಿತ್ತು, ಸ್ವಲ್ಪ ಒತ್ತಿದರೆ.

ಊಟಕ್ಕೆ ಕೂತಾಗ ವೀಣಕ್ಕ ಬಿಸಿಬೇಳೆಬಾತ್ ಬಡಿಸುತ್ತಿದ್ದರು. ಮಾದೇವಿ ತಟ್ಟೆಯಿಂದ ತಲೆ ಎತ್ತದೆ ಹೇಳಿದಳು. "ರಘು, ಭಾನುವಾರ ಬೆಳಿಗ್ಗೆ ಇಂಚರಾನ್ನ ಡಾನ್ಸ್ ಕ್ಲಾಸಿಗೆ ನೀವು ಕರ್ಕೊಂಡು ಹೋಗ್ಬೇಕು."

"ಯಾವ ಭಾನುವಾರ?"

"ಎಲ್ಲಾ ಭಾನುವಾರ."

ರಘು ಚಮಚ ಕೆಳಗಿಟ್ಟು ನನ್ನ ಕಡೆ ನೋಡಿದರು. ನಾನು ಉಪ್ಪಿನಕಾಯಿ ಹಾಕಿಸಿಕೊಂಡೆ.

"ಹೋಗೋದೇನೋ ಹೋಗ್ತೀನಿ. ತುರುಬು ಕಟ್ಟಬೇಕಲ್ಲ? ನಂಗೆ ಬರಲ್ಲ ಕಣೆ."

"ಕಲೀರಿ" ಎಂದಳು ಮಾದೇವಿ.

ವೀಣಕ್ಕ ತಮ್ಮನ ತಟ್ಟೆಗೆ ಇನ್ನೊಂದು ಸೌಟು ಹಾಕಿ, "ಚೆನ್ನಾಗಿ ತಿನ್ನೋ, ಇನ್ಮೇಲೆ ಶಕ್ತಿ ಬೇಕು" ಎಂದರು.

ನಾನು ಹುಬ್ಬಳ್ಳಿಗೆ ಬಂದು ಕೆಲವು ವಾರಗಳಾದ ಮೇಲೆ, ಒಂದು ಭಾನುವಾರ ನಸುಕಿನಲ್ಲಿ ಫೋನ್ ಟಿಂಗ್ ಎಂದಿತು. ಸಿಡ್ನಿಯಲ್ಲಿ ಆಗಲೇ ಹೊತ್ತೇರಿತ್ತು. ರಘು ಫೋಟೋ ಕಳಿಸಿದ್ದರು. ಡಾನ್ಸ್ ಕ್ಲಾಸಿನ ಬಾಗಿಲಲ್ಲಿ ಇಂಚರಾ ನಿಂತಿದ್ದಾಳೆ. ತುರುಬು ಬಲಗಿವಿಯ ಮೇಲೆ ಜಾರಿದೆ, ಪಿನ್ನುಗಳು ಎಲ್ಲ ದಿಕ್ಕಿಗೂ ಚಾಚಿವೆ. ಅವಳ ಮುಖದಲ್ಲಿ ಸಿಟ್ಟು ತುಂಬಿ ತುಳುಕುತ್ತಿದೆ. ಪಕ್ಕದಲ್ಲಿ ರಘು ಅವರ ಅರ್ಧ ಭುಜ.

ಮಾದೇವಿ ಫೋಟೋದಲ್ಲಿ ಎಲ್ಲೂ ಇರಲಿಲ್ಲ.